ಹಲ್ಲಿನ ಡಾಕ್ಟರ್ ಅಂದರೆ ಕೈಕಾಲು ತಣ್ಣಗಾಗುವವರಿಗೆ

ಮೊದಲೇ ಹೇಳಿಬಿಡುತ್ತೇನೆ. ಭಯ ಪೂರ್ತಿ ಹೋಗುವ ಮದ್ದು ನನ್ನ ಹತ್ತಿರ ಇಲ್ಲ. ಭಯವನ್ನು ಜೊತೆಗೆ ಕರೆದುಕೊಂಡೇ ಹೋಗಿ, ಬಾಯಿ ತೆರೆದು, ಕೆಲಸ ಮುಗಿಸಿಕೊಂಡು ಮನೆಗೆ ಬರುವುದು ಹೇಗೆ ಅಂತ ಮಾತ್ರ ಗೊತ್ತಿದೆ. ಅದನ್ನೂ ಕಲಿತದ್ದು ಒಂದು ದವಡೆ ಹಲ್ಲು ಹಾಳು ಮಾಡಿಕೊಂಡ ಮೇಲೆ.

ನಾನಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ನಮ್ಮ ಬಿಲ್ಡಿಂಗಿನಿಂದ ಸ್ಟೇಷನ್ನಿಗೆ ಹತ್ತು ನಿಮಿಷದ ದಾರಿ, ಅಷ್ಟರಲ್ಲಿ ಹಲ್ಲಿನ ಕ್ಲಿನಿಕ್ಕಿನ ಬೋರ್ಡು ಏಳು ಇವೆ. ನಾಲ್ಕು ವರ್ಷ ಆ ಏಳೂ ಬೋರ್ಡುಗಳ ಕೆಳಗೆ ತಲೆ ಬಗ್ಗಿಸಿಕೊಂಡು ಓಡಾಡಿದೆ. ಕೆಳಗಿನ ದವಡೆ ಹಲ್ಲಲ್ಲಿ ಒಂದು ಕಪ್ಪು ಚುಕ್ಕೆ ಇತ್ತು, ತಣ್ಣೀರು ತಾಗಿದರೆ ಜುಮ್ ಅನ್ನುತ್ತಿತ್ತು, ಸರಿ ಅಂತ ಆ ಕಡೆ ಅಗಿಯುವುದನ್ನೇ ಬಿಟ್ಟೆ. ಆಮೇಲೆ ಬಿಸಿ ಚಹಾಕ್ಕೂ ನೋವು. ಆಮೇಲೆ ಏನೂ ತಿನ್ನದೆ ಮಲಗಿದರೂ ನೋವು. ಲವಂಗ ಆಯಿತು, ಉಪ್ಪುನೀರು ಆಯಿತು, ಮೆಡಿಕಲ್ ಅಂಗಡಿಯವನು ಕೊಟ್ಟ ಮಾತ್ರೆ ಆಯಿತು. ಕೊನೆಗೊಂದು ದಿನ ಬೆಳಗಿನ ಫಾಸ್ಟ್ ಲೋಕಲ್ ರೈಲಿನಲ್ಲಿ, ಠಾಣೆ ಸ್ಟೇಷನ್ ದಾಟುವ ಹೊತ್ತಿಗೆ ನೋವಿಗೆ ಕಣ್ಣಲ್ಲಿ ನೀರು ಬಂತು, ಯಾರೋ ಎದ್ದು ನನಗೆ ಕೂರಲು ಜಾಗ ಕೊಟ್ಟರು. ಆ ಗಾಡಿಯಲ್ಲಿ ಆ ಹೊತ್ತಿನಲ್ಲಿ ಒಬ್ಬರು ಎದ್ದು ಜಾಗ ಕೊಟ್ಟರು ಅಂದರೆ ನನ್ನ ಮುಖ ಹೇಗಿದ್ದಿರಬೇಕು ಅಂತ ಮುಂಬೈಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಭಯ ಶುರುವಾದದ್ದು ಊರಲ್ಲಿ, ಕುಂದಾಪುರದ ಕಡೆ, ನನಗೆ ಎಂಟು ವರ್ಷ ಇದ್ದಾಗ. ಡಾಕ್ಟರು "ಸುಮ್ನೆ ನೋಡ್ತೇನೆ, ಬಾಯಿ ತೆಗಿ" ಅಂದರು. ತೆಗೆದೆ. ಹಲ್ಲು ಕಿತ್ತೇಬಿಟ್ಟರು. ನೋವು ಎಷ್ಟಾಯಿತು ಅಂತ ಈಗ ನೆನಪಿಲ್ಲ, "ಸುಮ್ನೆ ನೋಡ್ತೇನೆ" ಅಂದದ್ದು ಮಾತ್ರ ನೆನಪಿದೆ. ಹಲ್ಲಿನ ಡಾಕ್ಟರ ಭಯ ಅಂತ ನಾವು ಹೇಳುವುದರಲ್ಲಿ ಮುಕ್ಕಾಲು ಪಾಲು ಇದೇ ಅಂತ ನನಗನ್ನಿಸುತ್ತದೆ: ಹೇಳದೆ ಕೇಳದೆ ಬಾಯೊಳಗೆ ಏನೋ ಮಾಡಿಬಿಡುತ್ತಾರೆ, ನಮಗೆ ಬೇಡ ಅನ್ನಲೂ ಆಗುವುದಿಲ್ಲ, ಬಾಯಿ ತುಂಬ ಅವರ ಕೈ ಇರುತ್ತದೆ. ಕೆಳಗೆ ಬರೆದಿರುವ ಹೆಜ್ಜೆಗಳಲ್ಲಿ ಹೆಚ್ಚಿನವು ಈ ಒಂದು ವಿಷಯವನ್ನು ಸರಿಮಾಡುವುದಕ್ಕೇ ಇರುವಂಥವು.

ಹೆಜ್ಜೆ 1: ಯಾವುದಕ್ಕೆ ಭಯ ಅಂತ ಹೆಸರಿಟ್ಟು ಹೇಳಿ

"ನನಗೆ ಡೆಂಟಿಸ್ಟ್ ಅಂದ್ರೆ ಭಯ" ಅಂದರೆ ಯಾರಿಗೂ ಏನೂ ಮಾಡಲು ಬರುವುದಿಲ್ಲ, ಡಾಕ್ಟರಿಗೂ ಸಹ. ಸೂಜಿಗೆ ಭಯವೋ, ಯಂತ್ರದ ಕುಂಯ್ ಅನ್ನುವ ಶಬ್ದಕ್ಕೋ, ಗಂಟಲಿಗೆ ಏನಾದರೂ ತಾಗಿದರೆ ವಾಂತಿ ಬರುತ್ತದೆ ಅಂತಲೋ, ತಲೆ ತಿರುಗಿ ಬೀಳುತ್ತೇನೆ ಅಂತಲೋ, ಹಲ್ಲು ನೋಡಿ ಬೈಯುತ್ತಾರೆ ಅಂತಲೋ, ಬಿಲ್ ನೋಡಿಯೋ? ಒಂದೊಂದಕ್ಕೂ ಮದ್ದು ಬೇರೆ.

ಡಾಕ್ಟರುಗಳ ಹತ್ತಿರ ಇದಕ್ಕೊಂದು ಲೆಕ್ಕ ಇದೆ. 1969ರಲ್ಲಿ ನಾರ್ಮನ್ ಕೋರಾ ಅನ್ನುವವರು ನಾಲ್ಕು ಪ್ರಶ್ನೆಯ ಒಂದು ಪಟ್ಟಿ ಮಾಡಿದರು, 1995ರಲ್ಲಿ ಬೇರೆಯವರು ಅದಕ್ಕೆ ಸೂಜಿಯ ಪ್ರಶ್ನೆ ಸೇರಿಸಿ ಐದು ಮಾಡಿದರು. ನಾಳೆ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕು ಅಂದರೆ ಹೇಗನಿಸುತ್ತದೆ? ಹೊರಗೆ ಕಾಯುತ್ತಾ ಕೂತಾಗ? ಇನ್ನೇನು ಹಲ್ಲು ಕೊರೆಯುತ್ತಾರೆ ಅಂದಾಗ? ಕ್ಲೀನಿಂಗ್ ಮಾಡುತ್ತಾರೆ ಅಂದಾಗ? ಒಸಡಿಗೆ ಸೂಜಿ ಹಾಕುತ್ತಾರೆ ಅಂದಾಗ? ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ ಕೊಡಿ, ಏನೂ ಅನಿಸದಿದ್ದರೆ 1, ಜೀವ ಹೋದಂತಾದರೆ 5. ಒಟ್ಟು 25ಕ್ಕೆ 19 ಅಥವಾ ಹೆಚ್ಚು ಬಂದರೆ ನಿಮ್ಮದು ಬಹಳ ಜಾಸ್ತಿ ಭಯ ಅಂತ ಲೆಕ್ಕ. ನನಗೆ 21 ಬಂದಿತ್ತು. ಆದರೆ ಒಟ್ಟು ಅಂಕಕ್ಕಿಂತ ನನಗೆ ಉಪಯೋಗಕ್ಕೆ ಬಂದದ್ದು ಬೇರೆ: ಸೂಜಿಗೆ ನಾನು 3 ಕೊಟ್ಟಿದ್ದೆ, ಕಾಯುತ್ತಾ ಕೂರುವುದಕ್ಕೆ 5. ಅಂದರೆ ನನಗೆ ಮೊದಲು ಬೇಕಾಗಿದ್ದದ್ದು ಕಾಯಿಸದ ಡಾಕ್ಟರು!

ಹೆಜ್ಜೆ 2: ಒಳಗೆ ಏನು ನಡೆಯುತ್ತದೆ ಅಂತ ಮೊದಲೇ ತಿಳಿದುಕೊಳ್ಳಿ

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ.

ಹಲ್ಲಿನ ಹೊರಗಿನ ಬಿಳಿ ಪದರ ಇದೆಯಲ್ಲ, ಎನಾಮಲ್, ಅದಕ್ಕೆ ನರವೇ ಇಲ್ಲ. ಹುಳುಕು ಅಲ್ಲಿರುವವರೆಗೆ ನಿಮಗೆ ಏನೂ ಗೊತ್ತಾಗುವುದಿಲ್ಲ. ಅದರ ಕೆಳಗಿನ ಪದರಕ್ಕೆ ಇಳಿದಾಗ ತಣ್ಣೀರಿಗೆ, ಸಿಹಿಗೆ ಜುಮ್ ಅನ್ನುತ್ತದೆ. ಇನ್ನೂ ಒಳಗೆ ನರ ಮತ್ತು ರಕ್ತನಾಳ ಇರುವ ಮೆತ್ತಗಿನ ಜಾಗಕ್ಕೆ ಹೋದಾಗಲೇ ರಾತ್ರಿ ನಿದ್ದೆ ಕೆಡಿಸುವ ಸಿಡಿತ. ಮೇಲ್ಮೇಲಿನ ಹುಳುಕಾದರೆ ಫಿಲ್ಲಿಂಗ್ ಸಾಕು, ಎಷ್ಟೋ ಸಲ ಸೂಜಿಯೂ ಬೇಡ. ಒಳಗೆ ಹೋದರೆ ರೂಟ್ ಕೆನಾಲ್ ಮಾಡಬೇಕು, ಅಂದರೆ ಹಲ್ಲಿನೊಳಗಿನ ಕೆಟ್ಟ ನರ ತೆಗೆದು ಆ ಜಾಗ ತುಂಬಬೇಕು, ಇಲ್ಲವೇ ಹಲ್ಲು ಕೀಳಬೇಕು. ನೋವು ಬಂದ ಮೇಲೆ ಹೋಗೋಣ ಅಂತ ಕಾಯುವವರು, ಅಂದರೆ ನನ್ನಂಥವರು, ಸುಲಭದ ಕೆಲಸ ಕೈಬಿಟ್ಟು ಕಷ್ಟದ್ದನ್ನೇ ಆರಿಸಿಕೊಳ್ಳುತ್ತೇವೆ.

ಇನ್ನು ಸೂಜಿ. ನೋವಿಲ್ಲದ ಹಾಗೆ ಮಾಡುವ ವಿದ್ಯೆಯನ್ನು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಹಲ್ಲಿನ ಡಾಕ್ಟರುಗಳೇ ಮುಂದೆ ಇದ್ದವರು. ಅಮೆರಿಕದ ಹೊರೇಸ್ ವೆಲ್ಸ್ 1844ರಲ್ಲಿ ನಗೆ ಅನಿಲ ಎಳೆದುಕೊಂಡು ತನ್ನದೇ ಹಲ್ಲು ಕೀಳಿಸಿಕೊಂಡ. 1846ರಲ್ಲಿ ಬಾಸ್ಟನ್ನಿನಲ್ಲಿ ಪ್ರಜ್ಞೆ ತಪ್ಪಿಸುವ ಈಥರ್ ಕೊಟ್ಟು ಜನರೆದುರು ಆಪರೇಷನ್ ಮಾಡಿಸಿದ ಮಾರ್ಟನ್ ಕೂಡ ಹಲ್ಲಿನ ಡಾಕ್ಟರೇ. ಈಗ ಒಸಡಿಗೆ ಹಾಕುವುದು ಹೆಚ್ಚಾಗಿ ಲಿಗ್ನೋಕೇನ್, 1943ರಲ್ಲಿ ಸ್ವೀಡನ್ನಿನಲ್ಲಿ ತಯಾರಾದ, ಜೋಮು ಹಿಡಿಸುವ ಔಷಧಿ. ಸೂಜಿ ಚುಚ್ಚುವ ನೋವಿಗಿಂತ ಔಷಧಿಯನ್ನು ಗಬಕ್ಕನೆ ಒಳಗೆ ತಳ್ಳಿದರೆ ಆಗುವ ಒತ್ತಡದ ನೋವೇ ಜಾಸ್ತಿ. ಅದಕ್ಕೇ "ಮೊದಲು ಜೋಮು ಹಿಡಿಸುವ ಜೆಲ್ ಹಚ್ಚಿ, ಆಮೇಲೆ ನಿಧಾನ ಹಾಕಿ" ಅಂತ ಕೇಳಿ. ಕೇಳಲು ನಾಚಿಕೆ ಬೇಡ. ಒಸಡು ಒರೆಸಿ, ಜೆಲ್ ಹಚ್ಚಿ, ಒಂದೆರಡು ನಿಮಿಷ ಬಿಟ್ಟರೆ ಚುಚ್ಚಿದ್ದು ಇರುವೆ ಕಚ್ಚಿದಷ್ಟು ಇರುತ್ತದೆ.

ಇಲ್ಲೊಂದು ಗುಟ್ಟು ಇದೆ, ನನಗೆ ಯಾರೂ ಹೇಳಿರಲಿಲ್ಲ. ಆ ಔಷಧಿಯಲ್ಲಿ ಸಾಮಾನ್ಯವಾಗಿ ಸ್ವಲ್ಪ ಅಡ್ರಿನಲಿನ್ ಇರುತ್ತದೆ, ಔಷಧಿ ಬೇಗ ಹರಿದುಹೋಗದೆ ಅಲ್ಲೇ ನಿಲ್ಲಲಿ ಅಂತ. ಸೂಜಿ ಹಾಕಿದ ಮೇಲೆ ಕೆಲವರಿಗೆ ಕೆಲವು ನಿಮಿಷ ಎದೆ ಡವಡವ ಅನ್ನುತ್ತದೆ, ಕೈ ಸಣ್ಣಗೆ ನಡುಗುತ್ತದೆ. ಭಯ ಇರುವವರು ಅದನ್ನು "ಅಯ್ಯೋ, ಏನೋ ಆಗುತ್ತಿದೆ" ಅಂದುಕೊಂಡು ಇನ್ನೂ ಹೆದರುತ್ತಾರೆ. ಔಷಧಿಯ ಕೆಲಸ ಅದು, ತಾನಾಗಿ ಇಳಿಯುತ್ತದೆ. ಡಾಕ್ಟರಿಗೆ ಒಂದು ಮಾತು ಹೇಳಿ ಸುಮ್ನೆ ಕೂತಿರಿ.

ಜೋಮು ಹಿಡಿದ ಮೇಲೂ ಒತ್ತುವುದು, ತಳ್ಳುವುದು, ಅಲ್ಲಾಡಿಸುವುದು ಗೊತ್ತಾಗುತ್ತದೆ. ಹಲ್ಲು ಕೀಳುವಾಗ ಕರಕರ ಶಬ್ದ ತಲೆಬುರುಡೆಯೊಳಗೇ ಕೇಳಿಸುತ್ತದೆ. ಗೊತ್ತಾಗಬಾರದ್ದು ಚುಚ್ಚಿದಂಥ ನೋವು ಒಂದೇ. ಅದು ಗೊತ್ತಾದರೆ ಹಲ್ಲು ಕಚ್ಚಿ ಸಹಿಸಿಕೊಳ್ಳಬೇಡಿ (ಕಚ್ಚಲು ಆಗುವುದೂ ಇಲ್ಲ ಬಿಡಿ), ಇನ್ನೂ ಜೋಮು ಬಂದಿಲ್ಲ ಅಂತ ಹೇಳಿ, ಮತ್ತೆ ಹಾಕುತ್ತಾರೆ.

ಕೀವು ತುಂಬಿ ಊದಿಕೊಂಡ ಹಲ್ಲಿಗೆ ಈ ಔಷಧಿ ಸರಿಯಾಗಿ ಹಿಡಿಯುವುದಿಲ್ಲ. ಸೋಂಕು ಇರುವ ಕಡೆ ಆಮ್ಲ ಜಾಸ್ತಿ, ಅದರಲ್ಲಿ ಔಷಧಿ ನರದೊಳಗೆ ಇಳಿಯುವುದು ಕಷ್ಟ. "ನನಗೆ ಸೂಜಿ ಹಾಕಿದರೂ ನೋವಾಯಿತಪ್ಪಾ" ಅನ್ನುವವರ ಕಥೆ ಕೇಳಿ ನೋಡಿ, ಎಷ್ಟೋ ಜನ ತೀರಾ ತಡಮಾಡಿ ಹೋದವರು. ಭಯದಿಂದ ತಡ, ತಡದಿಂದ ನೋವು, ನೋವಿನಿಂದ ಮತ್ತೆ ಭಯ. ನಾನೂ ಇದೇ ಸುತ್ತು ಹೊಡೆದವನು.

ಆ ಕುಂಯ್ ಶಬ್ದದ ಬಗ್ಗೆ ಒಂದು ಮಾತು. 1957ರ ಸುಮಾರಿಗೆ ಗಾಳಿಯಿಂದ ತಿರುಗುವ ಯಂತ್ರ ಮಾರುಕಟ್ಟೆಗೆ ಬಂತು. ನಿಮಿಷಕ್ಕೆ ಮೂರು ನಾಲ್ಕು ಲಕ್ಷ ಸುತ್ತು ತಿರುಗುತ್ತದೆ, ಅದಕ್ಕೇ ಅಷ್ಟು ಕೀಚಲು. ಹಳೆಯದು ನಿಧಾನಕ್ಕೆ ಗಡಗಡ ಅಂತ ತಲೆಯೆಲ್ಲ ಅದುರಿಸುತ್ತಿತ್ತು. ಶಬ್ದ ಕೆಟ್ಟದಾಗಿದೆ, ಕೆಲಸ ಬೇಗ ಮುಗಿಯುತ್ತದೆ, ಅಷ್ಟೇ. ಇಯರ್‌ಫೋನ್ ತೆಗೆದುಕೊಂಡು ಹೋಗಿ.

ಮನೆಯವರ ಮಾತುಗಳೂ ಇವೆ. ನಮ್ಮಮ್ಮ ಇವತ್ತಿಗೂ "ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತೆ" ಅನ್ನುತ್ತಾರೆ. ಆಗುವುದಿಲ್ಲ. ಕಣ್ಣಿನ ದೃಷ್ಟಿಯ ನರಕ್ಕೂ ಹಲ್ಲಿಗೂ ಸಂಬಂಧವಿಲ್ಲ. "ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ" ಅನ್ನುವುದು ಇನ್ನೊಂದು. ಒಸಡು ಮೊದಲೇ ಕೆಟ್ಟು ಹಲ್ಲು ಸಡಿಲ ಆಗಿರುತ್ತದೆ, ವರ್ಷಗಟ್ಟಲೆ ಕಟ್ಟಿದ ಕಿಟ್ಟ ಸಿಮೆಂಟಿನ ಹಾಗೆ ಹಿಡಿದುಕೊಂಡಿರುತ್ತದೆ, ಅದನ್ನು ತೆಗೆದಾಗ ಇದ್ದ ಸಂಗತಿ ಗೊತ್ತಾಗುತ್ತದೆ.

ಹೆಜ್ಜೆ 3: ಡಾಕ್ಟರನ್ನು ಹುಡುಕಿ, ಫೋನಿನಲ್ಲೇ ಭಯ ಹೇಳಿಬಿಡಿ

ಎದುರು ಕೂತು ಹೇಳುವುದಕ್ಕಿಂತ ಫೋನಿನಲ್ಲಿ ಹೇಳುವುದು ಸುಲಭ. ನಾನು ಹೇಳಿದ್ದು ಇಷ್ಟು: "ನನಗೆ ತುಂಬಾ ಭಯ ಇದೆ, ಮೊದಲ ದಿನ ಮಾತಾಡುವುದು ಮತ್ತು ನೋಡುವುದು ಮಾತ್ರ, ಏನೂ ಮಾಡುವುದು ಬೇಡ, ಅದಕ್ಕೆ ಎಷ್ಟು ಫೀಸ್?" ಮೂರು ಕಡೆ ಫೋನ್ ಮಾಡಿದೆ. ಒಂದು ಕಡೆ ರಿಸೆಪ್ಷನ್ ಹುಡುಗಿ ನಕ್ಕಳು, ಅಲ್ಲಿಗೆ ಹೋಗಲಿಲ್ಲ. ಒಂದು ಕಡೆ "ಬನ್ನಿ ಬನ್ನಿ, ಏನಾಗಲ್ಲ" ಅಂದರು. ಇಂಥ ಮಾತು ಎಂಟನೇ ವಯಸ್ಸಿನಲ್ಲೇ ಕೇಳಿ ಆಗಿದೆ. ಮೂರನೆಯವರು "ಯಾವುದಕ್ಕೆ ಭಯ?" ಅಂತ ಕೇಳಿದರು. ಅವರ ಹತ್ತಿರವೇ ಹೋದೆ.

ಭಾಷೆ ಇಲ್ಲಿ ದೊಡ್ಡ ವಿಷಯ, ಮುಖ್ಯವಾಗಿ ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವಾಗ. ನೋವನ್ನು ಬೇರೆ ಭಾಷೆಯಲ್ಲಿ ಹೇಳುವುದು ಎಷ್ಟು ಕಷ್ಟ ಅಲ್ವಾ? ನಮ್ಮಮ್ಮ ಮರಾಠಿ ಡಾಕ್ಟರ ಎದುರು "ದುಖ್ತಾ ಹೈ" ಅನ್ನುವುದೊಂದನ್ನೇ ಹೇಳಿ ಕೂತಿದ್ದರು. ಮರಾಠಿಯಲ್ಲಿ ಕೆಲವು ಮಾತು ಬಾಯಿಪಾಠ ಮಾಡಿಸಿದೆ. ದವಡೆ ಹಲ್ಲು ನೋಯುತ್ತದೆ: ದಾಢ್ ದುಖತೇ. ಸಿಡಿಯುತ್ತದೆ: ಠಣಕತೇ. ಚಳುಕು ಹೊಡೆಯುತ್ತದೆ: ಕಳ ಯೇತೇ. ನಿಲ್ಲಿಸಿ: ಥಾಂಬಾ. ತುಂಬಾ ಭಯ ಆಗುತ್ತದೆ: ಖೂಪ್ ಭೀತಿ ವಾಟತೇ. ಎಲ್ಲಕ್ಕಿಂತ ಮುಖ್ಯವಾದದ್ದು: ಆಧೀ ಸಾಂಗಾ, ಮಗ್ ಕರಾ. ಮೊದಲು ಹೇಳಿ, ಆಮೇಲೆ ಮಾಡಿ. ಅಮ್ಮ ಇದನ್ನು ಕುಂದಾಪುರದ ರಾಗದಲ್ಲಿ ಹೇಳಿದಾಗ ಡಾಕ್ಟರು ನಕ್ಕರು, ಆದರೆ ಆಮೇಲೆ ಪ್ರತಿಯೊಂದನ್ನೂ ಹೇಳಿಯೇ ಮಾಡಿದರು.

ಕನ್ನಡದವರೇ ಬೇಕು ಅಂದರೆ ಮಂಗಳೂರು, ಮಣಿಪಾಲದಲ್ಲಿ ಓದಿ ಇಲ್ಲಿ ಕ್ಲಿನಿಕ್ ಇಟ್ಟವರು ಇದ್ದಾರೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿಗೋ ಮಾಹಿಮ್‌ನ ಕರ್ನಾಟಕ ಸಂಘಕ್ಕೋ ಕಾರ್ಯಕ್ರಮ ನೋಡಲು ಹೋದಾಗ ಪಕ್ಕದ ಕುರ್ಚಿಯವರನ್ನು ಕೇಳಿ. ಹಲ್ಲು ನೋವಿನ ವಿಷಯ ತೆಗೆದರೆ ಸಾಕು, ಪ್ರತಿಯೊಬ್ಬರ ಹತ್ತಿರವೂ ಒಂದು ಹೆಸರು, ಒಂದು ಕಥೆ ಇರುತ್ತದೆ.

ದುಡ್ಡಿನ ಚಿಂತೆ ಇದ್ದರೆ ಡೆಂಟಲ್ ಕಾಲೇಜಿಗೆ ಹೋಗಿ. ಮುಂಬೈ ಸೆಂಟ್ರಲ್ ಹತ್ತಿರ ನಾಯರ್ ಆಸ್ಪತ್ರೆಯ ಡೆಂಟಲ್ ಕಾಲೇಜು ಇದೆ, ಅದು ಮುಂಬೈ ಮಹಾನಗರಪಾಲಿಕೆಯದು. ಸಿಎಸ್‌ಎಂಟಿ (ಹಳೆಯ ವಿ.ಟಿ.) ಸ್ಟೇಷನ್ ಹತ್ತಿರ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ಡೆಂಟಲ್ ಕಾಲೇಜು ಇದೆ. ಖರ್ಚು ಖಾಸಗಿಗಿಂತ ಬಹಳ ಕಡಿಮೆ. ಬೆಳಿಗ್ಗೆ ಬೇಗ ಹೋಗಬೇಕು, ಸಾಲು ಇರುತ್ತದೆ, ಕಲಿಯುತ್ತಿರುವ ಹುಡುಗರು ಮಾಡುತ್ತಾರೆ, ಹಿಂದೆ ಪ್ರೊಫೆಸರ್ ನಿಂತಿರುತ್ತಾರೆ. ವಿದ್ಯಾರ್ಥಿಗಳು ಅಂದರೆ ಭಯಪಡಬೇಡಿ. ಅವರು ನಿಧಾನ, ಪ್ರತಿಯೊಂದನ್ನೂ ಕೇಳಿ ಮಾಡುತ್ತಾರೆ, ಭಯ ಇರುವವರಿಗೆ ಇದು ಒಳ್ಳೆಯದೇ. ಆದರೆ ನನ್ನಂತೆ ಕಾಯುವುದೇ ಕಷ್ಟ ಆದವರಿಗೆ ಆ ಸಾಲು ಸ್ವಲ್ಪ ಭಾರ.

ಎಲ್ಲೇ ಹೋಗಿ, ಹಲ್ಲಿನ ಡಾಕ್ಟರ ಪದವಿ, ಬಿಡಿಎಸ್ ಅಥವಾ ಎಂಡಿಎಸ್, ಇದೆಯಾ, ಮಹಾರಾಷ್ಟ್ರ ಡೆಂಟಲ್ ಕೌನ್ಸಿಲ್ಲಿನ ನೋಂದಣಿ ಇದೆಯಾ ನೋಡಿ.

ಹೆಜ್ಜೆ 4: ಮೊದಲ ದಿನ ಹಲ್ಲು ಮುಟ್ಟಿಸಬೇಡಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಹೆಜ್ಜೆ ಇದು, ಜನ ಬಿಟ್ಟುಬಿಡುವುದೂ ಇದನ್ನೇ. ಮೊದಲ ದಿನ ಕುರ್ಚಿಯಲ್ಲಿ ಕೂತು ಮಾತಾಡಿ, ಕನ್ನಡಿ ಹಾಕಿ ನೋಡಲಿ, ಎಕ್ಸ್‌ರೇ ತೆಗೆಯಲಿ, ಅಷ್ಟೇ. "ಇವತ್ತೇ ಫಿಲ್ಲಿಂಗ್ ಮಾಡಿಬಿಡೋಣ, ಹದಿನೈದು ನಿಮಿಷ" ಅಂದರೂ ಬೇಡ ಅನ್ನಿ, ತೀರಾ ನೋವಿದ್ದರೆ ಮಾತ್ರ ಬೇರೆ ಮಾತು. ಕುರ್ಚಿಯಿಂದ ಏನೂ ಆಗದೆ ಎದ್ದು ಬರಬಹುದು ಅಂತ ಒಂದು ಸಲ ದೇಹಕ್ಕೆ ಗೊತ್ತಾಗಬೇಕು.

ಆ ದಿನ ಮೂರು ಪ್ರಶ್ನೆ ಕೇಳಿ. ಯಾವ ಹಲ್ಲು, ಏನಾಗಿದೆ, ಎಕ್ಸ್‌ರೇಯಲ್ಲಿ ತೋರಿಸಿ. ಮೂರು ತಿಂಗಳು ಬಿಟ್ಟರೆ ಏನಾಗುತ್ತದೆ. ಎಷ್ಟು ಸಲ ಬರಬೇಕು, ಒಟ್ಟು ಎಷ್ಟಾಗುತ್ತದೆ, ಬರೆದುಕೊಡಿ. ಬರೆದುಕೊಡಲು ಹಿಂಜರಿದರೆ ಬೇರೆ ಕಡೆ ಇನ್ನೊಂದು ಅಭಿಪ್ರಾಯ ತೆಗೆದುಕೊಳ್ಳಿ, ಈ ಊರಲ್ಲಿ ಡಾಕ್ಟರುಗಳಿಗೆ ಬರ ಇಲ್ಲ.

ನಾಚಿಕೆಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ಎಲೆಅಡಿಕೆ, ಗುಟ್ಕಾ, ಸಿಗರೇಟು, ಇಲ್ಲಿನ ಹೆಂಗಸರು ಕೆಲವರು ಉಜ್ಜುವ ಮಿಶ್ರಿ (ಹುರಿದ ತಂಬಾಕಿನ ಪುಡಿ), ಇವುಗಳ ಕಲೆ ಇದೆ, ಬಾಯಿ ವಾಸನೆ ಇದೆ, ಹೇಗೆ ಬಾಯಿ ತೆರೆಯಲಿ ಅಂತ ಸುಮಾರು ಜನ ಹೋಗುವುದೇ ಇಲ್ಲ. ಡಾಕ್ಟರು ದಿನಕ್ಕೆ ಇಂಥವು ಎಷ್ಟು ನೋಡುತ್ತಾರೋ. ಅದರಲ್ಲೂ ಇವೆಲ್ಲ ಹಾಕುವವರು ಹೋಗಲೇಬೇಕು, ಬಾಯಿ ಪೂರ್ತಿ ತೆರೆಯಲು ಆಗದಿರುವುದು, ಮಾಯದ ಹುಣ್ಣು, ಬಿಳಿ ಮಚ್ಚೆ ಇಂಥದನ್ನು ಅವರು ಬೇಗ ಗುರುತಿಸುತ್ತಾರೆ. ಬೈದರೆ "ಬೈಸಿಕೊಳ್ಳಲು ಬಂದಿಲ್ಲ, ತೋರಿಸಲು ಬಂದಿದ್ದೇನೆ" ಅನ್ನಿ. ನಾನು ಮನಸ್ಸಿನಲ್ಲಿ ಹತ್ತು ಸಲ ಅಭ್ಯಾಸ ಮಾಡಿಕೊಂಡು ಹೋಗಿದ್ದೆ, ಹೇಳುವ ಪ್ರಸಂಗವೇ ಬರಲಿಲ್ಲ.

ಹೆಜ್ಜೆ 5: ಕೆಲಸದ ದಿನ

ಬೆಳಗಿನ ಮೊದಲ ಹೊತ್ತನ್ನೇ ಕೇಳಿ. ಸಂಜೆ ಏಳಕ್ಕೆ ಅಂದರೆ ಇಡೀ ದಿನ ಆಫೀಸಿನಲ್ಲಿ ಕೂತು ಹೆದರಬೇಕು, ಮೇಲಿಂದ ಲೋಕಲ್ ತಡವಾದರೆ ಆ ಗಡಿಬಿಡಿ ಬೇರೆ. ನಾನು ಶನಿವಾರ ಹತ್ತಕ್ಕೆ ತೆಗೆದುಕೊಳ್ಳುತ್ತೇನೆ.

ಊಟ ಬಿಡಬೇಡಿ. ಒಸಡಿಗೆ ಸೂಜಿ ಹಾಕುವ ಕೆಲಸಕ್ಕೆ ಉಪವಾಸ ಬೇಕಿಲ್ಲ, ಖಾಲಿ ಹೊಟ್ಟೆಯಲ್ಲೇ ತಲೆ ತಿರುಗುವುದು ಜಾಸ್ತಿ. ಎರಡು ಇಡ್ಲಿ ತಿಂದು ಹೋಗಿ. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ ತಪ್ಪಿಸಬೇಡಿ. ರಕ್ತ ತೆಳುವಾಗಿಸುವ ಮಾತ್ರೆ, ಮೂಳೆ ಸವೆತದ ಔಷಧಿ, ಹೃದಯದ ತೊಂದರೆ, ಯಾವುದಾದರೂ ಔಷಧಿಗೆ ಅಲರ್ಜಿ, ಬಸುರಿ ಅನ್ನುವುದು, ಇಷ್ಟನ್ನೂ ಮೊದಲೇ ಹೇಳಿ. ರಕ್ತದ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಅದು ಡಾಕ್ಟರುಗಳು ತೀರ್ಮಾನಿಸಬೇಕಾದದ್ದು. ಚಹಾ ಕಾಫಿ ಆ ಬೆಳಿಗ್ಗೆ ಕಡಿಮೆ ಇರಲಿ, ಎದೆ ಮೊದಲೇ ಹೊಡೆದುಕೊಳ್ಳುತ್ತಿರುತ್ತದೆ.

ಜೊತೆಗೆ ಒಬ್ಬರು ಬರಲಿ, ಆದರೆ ಸರಿಯಾದವರು. ನನ್ನ ಭಾವ ಮೊದಲ ಸಲ ಬಂದು ದಾರಿಯುದ್ದಕ್ಕೂ ಅವರ ಬುದ್ಧಿಹಲ್ಲು ಕಿತ್ತ ಕಥೆ ಹೇಳಿದರು. ಎರಡನೇ ಸಲ ಅವರನ್ನು ಕರೆಯಲಿಲ್ಲ.

ಹೆಜ್ಜೆ 6: ಕುರ್ಚಿಯಲ್ಲಿ

ಬಾಯಿ ತೆರೆಯುವ ಮೊದಲೇ ಒಪ್ಪಂದ ಮಾಡಿಕೊಳ್ಳಿ: ನಾನು ಎಡಗೈ ಎತ್ತಿದರೆ ನಿಲ್ಲಿಸಬೇಕು, ಆಮೇಲೆ ಯಾಕೆ ಅಂತ ಕೇಳಬೇಕು. ನಂತರ ಸುಮ್ನೆ ಒಂದು ಸಲ, ಏನೂ ಆಗದಿದ್ದರೂ, ಎತ್ತಿ ನೋಡಿ. ನಿಜವಾಗಿ ನಿಲ್ಲಿಸಿದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ನಾನು ಪರೀಕ್ಷೆಗೆ ಎತ್ತಿದ್ದೆ, ಡಾಕ್ಟರು ತಕ್ಷಣ ಕೈ ಹೊರಗೆ ತೆಗೆದರು, "ಬರೀ ಚೆಕ್ ಮಾಡಿದೆ" ಅಂದೆ, ಅವರು "ಗೊತ್ತಾಯ್ತು" ಅಂದರು. ಎಂಟು ವರ್ಷದ ನನಗೆ ಸಿಗದೇ ಹೋದದ್ದು ಆ ಕೈ ಎತ್ತುವ ಹಕ್ಕು.

ಉಸಿರು. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಹೊರಗೆ ಬಿಡುವುದು ಉದ್ದ ಇರಬೇಕು. ಕಾಲಿನ ಬೆರಳು ಬಿಗಿ ಹಿಡಿದಿದ್ದೀರಾ ನೋಡಿಕೊಳ್ಳಿ, ಹಿಡಿದಿರುತ್ತೀರಿ.

ತಲೆ ತಿರುಗಿ ಬೀಳುವ ಸ್ವಭಾವದವರಿಗೆ, ಅಂದರೆ ರಕ್ತ, ಸೂಜಿ ಕಂಡರೆ ಕಣ್ಣು ಕತ್ತಲೆ ಬರುವವರಿಗೆ, ಬೇರೆ ಉಪಾಯ. ಅವರಿಗೆ ಬಿಪಿ ಇದ್ದಕ್ಕಿದ್ದಂತೆ ಇಳಿಯುತ್ತದೆ, ಮೈ ಸಡಿಲ ಬಿಟ್ಟರೆ ಇನ್ನೂ ಇಳಿಯುತ್ತದೆ. ತೋಳು, ತೊಡೆ, ಹೊಟ್ಟೆಯ ಸ್ನಾಯು ಹತ್ತು ಹದಿನೈದು ಸೆಕೆಂಡ್ ಗಟ್ಟಿಯಾಗಿ ಬಿಗಿ ಹಿಡಿಯಿರಿ, ಮುಖ ಬೆಚ್ಚಗಾಗುವಷ್ಟು. ಬಿಡಿ. ಅರ್ಧ ನಿಮಿಷ ಬಿಟ್ಟು ಮತ್ತೆ. ನಾಲ್ಕೈದು ಸಲ. ಮನೆಯಲ್ಲಿ ಒಂದು ವಾರ ಅಭ್ಯಾಸ ಮಾಡಿ. ಜೊತೆಗೆ ಕುರ್ಚಿಯನ್ನು ಪೂರ್ತಿ ಹಿಂದಕ್ಕೆ ವಾಲಿಸಿ ಅಂತ ಕೇಳಿ, ಮಲಗಿದವರಿಗೆ ತಲೆ ತಿರುಗುವುದು ಕಡಿಮೆ.

ವಾಂತಿ ಬಂದಂತಾಗುವವರು ಇದಕ್ಕೆ ಉಲ್ಟಾ, ಸ್ವಲ್ಪ ನೆಟ್ಟಗೆ ಕೂತು ಮೂಗಿನಲ್ಲೇ ಉಸಿರಾಡಬೇಕು. ಎಕ್ಸ್‌ರೇ ತೆಗೆಯುವಾಗ ಒಂದು ಕಾಲು ಎತ್ತಿ ಹಿಡಿಯಿರಿ, ಮನಸ್ಸು ಕಾಲಿಗೆ ಹೋಗುತ್ತದೆ. ಹುಚ್ಚಾಟ ಅನ್ನಿಸಬಹುದು, ಕೆಲಸ ಮಾಡುತ್ತದೆ. ನಾಲಿಗೆ ತುದಿಗೆ ಚಿಟಿಕೆ ಉಪ್ಪು ಇಟ್ಟುಕೊಂಡರೂ ಕೆಲವರಿಗೆ ಆಗುತ್ತದಂತೆ, ನಾನು ಮಾಡಿ ನೋಡಿಲ್ಲ.

ಇಷ್ಟಾದರೂ ಆಗದಿದ್ದರೆ

ನಗೆ ಅನಿಲ ಇದೆ. ಮೂಗಿಗೆ ಚಿಕ್ಕ ಮಾಸ್ಕ್ ಇಟ್ಟು ಆಮ್ಲಜನಕದ ಜೊತೆ ಕೊಡುತ್ತಾರೆ, ಎಚ್ಚರ ಇರುತ್ತದೆ, ಮಾತು ಕೇಳಿಸುತ್ತದೆ, ಆದರೆ ಏನಾದರಾಗಲಿ ಅನ್ನುವ ಹಾಗಿರುತ್ತದೆ. ನಿಲ್ಲಿಸಿ ಆಮ್ಲಜನಕ ಕೊಟ್ಟರೆ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಎಲ್ಲಾ ಕ್ಲಿನಿಕ್ಕಿನಲ್ಲಿ ಇಲ್ಲ, ಫೋನಿನಲ್ಲೇ ಕೇಳಿ. ಹಿಂದಿನ ರಾತ್ರಿಗೋ ಅವತ್ತು ಬೆಳಿಗ್ಗೆಗೋ ಭಯ ಇಳಿಸುವ ಮಾತ್ರೆಯನ್ನು ಡಾಕ್ಟರು ಬರೆದುಕೊಡಬಹುದು, ಆದರೆ ಅದನ್ನು ಮನೆಯಲ್ಲಿ ಯಾರದ್ದೋ ಡಬ್ಬಿಯಿಂದ ತೆಗೆದು ನುಂಗಬೇಡಿ. ಮಾತ್ರೆ ತಗೊಂಡ ದಿನ ಒಬ್ಬರೇ ಲೋಕಲ್ ಹತ್ತಬೇಡಿ, ಬೈಕ್ ಮುಟ್ಟಬೇಡಿ, ರಿಕ್ಷಾದಲ್ಲಿ ಜೊತೆಗೊಬ್ಬರನ್ನು ಇಟ್ಟುಕೊಂಡು ಹೋಗಿ. ಪೂರ್ತಿ ನಿದ್ದೆ ಬರಿಸಿ ಮಾಡುವುದಾದರೆ ಉಪವಾಸ ಬೇಕು, ಎಷ್ಟು ಗಂಟೆ ಅಂತ ಅವರೇ ಹೇಳುತ್ತಾರೆ. ಭಯ ಜೀವನವನ್ನೇ ಹಿಡಿದಿದ್ದರೆ ಮನಸ್ಸಿನ ಡಾಕ್ಟರ ಹತ್ತಿರ ಕೆಲವು ಸಲ ಹೋಗಿ ಮಾತಾಡಿ ಬರುವುದರಿಂದಲೂ ಚೆನ್ನಾಗಿ ಕಡಿಮೆ ಆಗುತ್ತದೆ.

ಕಾಯಬಾರದ ಸಂದರ್ಭವೂ ಇದೆ. ಮುಖ ಊದಿ ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟ ಆದರೆ, ಈ ಹೆಜ್ಜೆಗಳನ್ನೆಲ್ಲ ಬಿಟ್ಟು ಆವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ. ಹಲ್ಲಿನ ಸೋಂಕು ಕುತ್ತಿಗೆಗೆ ಇಳಿದರೆ ಜೀವಕ್ಕೇ ಅಪಾಯ. ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗಿ ಕೂರುವುದು ಬೇಡ. ನೋವಿನ ಮಾತ್ರೆ ಪುಡಿಮಾಡಿ ಒಸಡಿಗೆ ಇಡಬೇಡಿ, ಸುಟ್ಟುಹೋಗುತ್ತದೆ. ಲವಂಗದ ಎಣ್ಣೆಯೂ ಜಾಸ್ತಿಯಾದರೆ ಹಾಗೇ.

ಮುಗಿದ ಮೇಲೆ

ಜೋಮು ಎರಡು ಮೂರು ಗಂಟೆ ಇರುತ್ತದೆ, ಕೆಲವರಿಗೆ ಇನ್ನೂ ಜಾಸ್ತಿ. ಅಷ್ಟರಲ್ಲಿ ತಿನ್ನಲು ಹೋದರೆ ತುಟಿ ಕೆನ್ನೆ ಕಚ್ಚಿಕೊಂಡದ್ದು ಗೊತ್ತೇ ಆಗುವುದಿಲ್ಲ. ನಾನು ಖುಷಿಗೆ ನೇರ ಹೋಟೆಲಿಗೆ ಹೋಗಿ ಫಿಲ್ಟರ್ ಕಾಫಿ ಕುಡಿದು ನಾಲಿಗೆ ಸುಟ್ಟುಕೊಂಡವನು. ಹಲ್ಲು ಕಿತ್ತಿದ್ದರೆ ಹತ್ತಿಯನ್ನು ಅರ್ಧ ಮುಕ್ಕಾಲು ಗಂಟೆ ಕಚ್ಚಿ ಹಿಡಿಯಿರಿ, ಒಂದು ದಿನ ಜೋರಾಗಿ ಮುಕ್ಕಳಿಸುವುದು, ಉಗುಳುವುದು, ಸ್ಟ್ರಾದಲ್ಲಿ ಹೀರುವುದು, ಸಿಗರೇಟು ಬೇಡ. ತಣ್ಣಗಿನ ಮೊಸರನ್ನ ಸಾಕು.

ಹೊರಡುವ ಮೊದಲು ಮುಂದಿನ ತಾರೀಖು ಬರೆಸಿಕೊಳ್ಳಿ, ಮನೆಗೆ ಹೋಗಿ ಫೋನ್ ಮಾಡುತ್ತೇನೆ ಅನ್ನಬೇಡಿ. ಮಾಡುವುದಿಲ್ಲ ಅಂತ ನಿಮಗೂ ಗೊತ್ತು. ನನ್ನ ರೂಟ್ ಕೆನಾಲ್ ಮೂರು ಸಲಕ್ಕೆ ಮುಗಿಯಿತು, ಕ್ಯಾಪ್ ಹಾಕಿಸಿಯೂ ಆಯಿತು. ಈಗ ಆರು ತಿಂಗಳಿಗೊಮ್ಮೆ ಕ್ಲೀನಿಂಗಿಗೆ ಹೋಗುತ್ತೇನೆ. ಮುಂದಿನದು ಬರುವ ತಿಂಗಳ ಎರಡನೇ ಶನಿವಾರ, ಹತ್ತು ಗಂಟೆಗೆ. ಶುಕ್ರವಾರ ರಾತ್ರಿ ನಿದ್ದೆ ಸರಿಯಾಗಿ ಬರುವುದಿಲ್ಲ, ಅದು ಈಗಲೇ ಗೊತ್ತಿದೆ. ಮೊನ್ನೆ ಆ ಐದು ಪ್ರಶ್ನೆಗೆ ಮತ್ತೆ ಅಂಕ ಹಾಕಿ ನೋಡಿದೆ, 14 ಬಂತು.